ಅರಿಷಿಣ ಹತ್ತಿದ ಮೇಣ

ಬೆಂಗಳೂರು
6 ಮಾರ್ಚ್ 2005

ಪ್ರೀತಿಯ ಚಿಗವ್ವಾ,

ಕಾಗದದ ತುಂಬ ಕ್ಷೇಮ ಸಮಾಚಾರ ಬರೆದರೆ "ಅದನೆಲ್ಲಾ ಬಿಡ, ಉಂಡೀ ಇಲ್ಲೋ ಹೇಳ" ಅನ್ನುವವಳು ನೀನು. ಉಂಡಿದ್ದೇನೆ. ಹಾಸ್ಟೆಲ್ಲಿನ ಚಪಾತಿ ಚಪ್ಪಲಿಯ ಹಾಗಿದ್ದರೂ ನೀನು ಕಳಿಸಿದ ಶೇಂಗಾ ಚಟ್ನಿ ಹಚ್ಚಿದರೆ ಗಂಟಲಿಗೆ ಇಳಿಯುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಓಣಿಯ ಪಾವರ್‌ಲೂಮುಗಳ ಗದ್ದಲದಲ್ಲಿ ನೀನು "ಹಾಂ, ಹಾಂ, ಆತಾತು" ಅಂದು ಇಟ್ಟುಬಿಡುತ್ತೀ. ಕಾಗದದಲ್ಲಿ ಮಾತ್ರ ನೀನು ಪೂರ್ತಿ ಸಿಗುತ್ತೀ.

ಹೊಳಬಸಪ್ಪ ಕಾಕಾ ನಿನ್ನ ಸ್ಕ್ಯಾನಿನ ಫಿಲ್ಮು ಕಳಿಸಿದ್ದಾರೆ. ನೋಡಿದೆ. ಲಿವರಿನಲ್ಲಿ ಎರಡು ಕಲೆ ಕಾಣುತ್ತವೆ. ಹೆದರುವಂಥದ್ದೇನೂ ಇಲ್ಲ. ಊಟ ಬಿಡಬೇಡ, ಮಗ್ಗದಲ್ಲಿ ಬಹಳ ಹೊತ್ತು ಬಾಗಿ ಕೂರಬೇಡ.

ಇನ್ನೊಂದು ಮಾತಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಐದು ವರ್ಷದ ಹಿಂದೆ ಮಿರಜದಲ್ಲಿ ನಿನ್ನ ಹೊಟ್ಟೆಯ ಗಡ್ಡೆ ತೆಗೆದರಲ್ಲ, ಆಗ ಅದರ ಒಂದು ಚೂರನ್ನು ಮೇಣದಲ್ಲಿ ಹುದುಗಿಸಿ, ಸಣ್ಣ ಬಿಲ್ಲೆ ಮಾಡಿ ನಿಮ್ಮ ಕೈಗೆ ಕೊಟ್ಟಿದ್ದರು. ಅದು ನನಗೆ ಬೇಕು. ನನ್ನ ಓದಿಗೆ. ಇಲ್ಲಿ ನಾನು ಕಲಿಯುತ್ತಿರುವುದು ಗಡ್ಡೆಗಳ ಜಾತಿ ಗುರುತಿಸುವ ವಿದ್ಯೆ. ಸೂಕ್ಷ್ಮದರ್ಶಕದಲ್ಲಿ ಅಕ್ಕತಂಗಿಯರ ಹಾಗೆ ಕಾಣುವ ಎರಡು ಗಡ್ಡೆ ಒಳಗೆ ಬೇರೆ ಬೇರೆಯೇ ಇರಬಹುದು. ನೀನು ವ್ಯಾಪಾರಿ ತಂದ ನೂಲಿನ ಒಂದೆಳೆ ಸುಟ್ಟು, ಮೂಸಿ, "ಇದು ರೇಷ್ಮಿ ಅಲ್ಲೋ ಯಪ್ಪಾ, ನಕಲಿ ಚಮಕಾ" ಅನ್ನುತ್ತಿದ್ದೆಯಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ನಾವು ಸುಡುವುದಿಲ್ಲ, ಒಳಗಿನ ಜೀನುಗಳನ್ನು ಓದುತ್ತೇವೆ.

ಬಿಲ್ಲೆಯನ್ನು ಬೇಗ ಕಳಿಸು.

ನಿನ್ನ ನೇತ್ರಾ


ಬನಹಟ್ಟಿ
ತಾ. 21-3-2005

ನೇತ್ರೀ,

ನಿನ್ನ ಕಾಗದ ಮುಟ್ಟಿತು. ಅಲ್ಲ ಬೇ, ಊರಾಗ ಇದ್ದಾಗ ನಮ್ಮಂಗ ಮಾತಾಡಾಕಿ, ಕಾಗದದಾಗ ಯಾಕ ಸಾಲಿ ಮಾಸ್ತರ ಆಗ್ತೀ? "ಇಳಿಯುತ್ತದೆ" ಅಂತ, "ಕಾಣುತ್ತವೆ" ಅಂತ! ನಿಮ್ಮ ಕಾಕಾಗ ಓದಿ ಹೇಳಿದ್ರ, "ಯಾರೋ ಸರಕಾರದವರ ಬರದಂಗ ಐತಿ" ಅಂದ್ರು.

ನಾ ಛಲೋ ಅದೇನಿ. ಜಮಖಂಡಿ ಡಾಕ್ಟರ ಕಡೆ ಹೋಗಿದ್ವಿ. ಭಾಳ ಒಳ್ಳೆ ಮನಷ್ಯಾ. "ಇನ್ನ ಪಥ್ಯ ಏನೂ ಬ್ಯಾಡ್ರಿ, ಮನಸಿಗೆ ಬಂದದ್ದ ತಿನ್ನರಿ" ಅಂದ್ರು. ಪಥ್ಯ ಬಿಡಿಸ್ಯಾರಂದ್ರ ಆರಾಮ ಆದಂಗ ಅಲ್ಲ? ಬರೂ ದಾರ್ಯಾಗ ನಿಮ್ಮ ಕಾಕಾ ಕೇಳಲಾರದ ಕರದಂಟ ಕೊಡಿಸಿದ್ರು. ಮದಿವ್ಯಾದ ಮ್ಯಾಲ ಮೊದಲ ಸಲ!

ನಿನಗ ಒಂದ ಸೀರಿ ಮಗ್ಗಕ್ಕ ಏರಿಸೇನಿ. ಒಡಲ ಕರೇದು, ಸೆರಗ ಕೆಂಪ ರೇಷ್ಮಿದು. ನಿನ್ನ ದೊಡ್ಡ ಪರೀಕ್ಷಿ ಮುಗಿಯೂದ್ರಾಗ ಇಳಸ್ತೇನಿ. ಒಂದೀಟ ತಡಾ ಆದೀತು. ಎಡಗಡಿ ಮಗ್ಗಲಕ ಯಾಕೋ ಹಿಡದಂಗ ಆಗ್ತೈತಿ, ಅಷ್ಟ.

ಆ ಮೇಣದ ಬಿಲ್ಲಿ ಟ್ರಂಕಿನ್ಯಾಗ ಐತಿ. ಕೀಲಿ ಎಲ್ಲಿಟ್ಟೇನೋ ಸಿಗವಲ್ದು. ಸಿಕ್ಕ ಮ್ಯಾಲ ನೋಡೂಣು. ನಿಮ್ಮ ದವಾಖಾನ್ಯಾಗ ಬ್ಯಾರೇದವ್ರ ಗಡ್ಡಿ ಇಲ್ಲೇನ ಓದಾಕ? ನಂದ ಬೇಕ?

ತಲಿಗೆ ಎಣ್ಣಿ ಹಚ್ಕೋ.

ಚಿಗವ್ವ


ಬೆಂಗಳೂರು
9 ಏಪ್ರಿಲ್ 2005

ಚಿಗವ್ವಾ,

ಟ್ರಂಕಿನ ಕೀಲಿ ನಿನ್ನ ಕೊರಳಿನ ಕರಿದಾರದಲ್ಲೇ ಇರುತ್ತದೆ. ಚಿಕ್ಕವಳಿದ್ದಾಗ ಬೆಲ್ಲ ಕದಿಯಲು ಅದನ್ನು ಬಿಚ್ಚಲು ಹೋಗಿ ಎಷ್ಟು ಸಲ ಏಟು ತಿಂದಿದ್ದೇನೆ! ನನಗೇ ಕೀಲಿಯ ಕಥೆ ಹೇಳುತ್ತೀಯಾ?

ನಿನ್ನದೇ ಯಾಕೆ ಬೇಕು ಅಂದರೆ, ನಿನ್ನದು ಅಪರೂಪದ ಗಡ್ಡೆ. ನಮ್ಮ ಮೇಡಂ, ಅಂದರೆ ನನಗೆ ಈ ವಿದ್ಯೆ ಕಲಿಸುವ ಡಾಕ್ಟರು, ಅದನ್ನು ನೋಡಬೇಕು ಅಂದಿದ್ದಾರೆ. ಪರೀಕ್ಷೆ ಹತ್ತಿರ ಬಂತು. ಒಂದು ಡಬ್ಬಿಯಲ್ಲಿ ಹತ್ತಿ ಸುತ್ತಿ ರಿಜಿಸ್ಟರ್ ಪೋಸ್ಟ್ ಮಾಡು. ಇದೊಂದು ಕೆಲಸ ಮಾಡಿಕೊಡು, ಇನ್ನೇನೂ ಕೇಳುವುದಿಲ್ಲ.

ಕರದಂಟು ತಿಂದದ್ದು ಸಂತೋಷ. ಎಡಗಡೆ ಹಿಡಿಯುವುದು ಯಾವಾಗಿನಿಂದ? ಬರೆ. ಮರೆಯಬೇಡ.

ನೇತ್ರಾ


ಬನಹಟ್ಟಿ
ತಾ. 25-4-2005

ನೇತ್ರೀ,

ತಗೋ ನಿನ್ನ ಮೇಣ. ಹತ್ತ್ಯಾಗ ಸುತ್ತಿ ಇಟ್ಟೇನಿ. ಪ್ಲಾಸ್ಟಿಕ್ಕಿನ ಚೌಕಟ್ಟ ಒಡದ ಹೋಗೇತಿ, ಬರೇ ಮೇಣ ಉಳದೈತಿ. ಇನ್ನರ ಜೀಂವ ತಿನ್ನೂದ ಬಿಡ, ಓದ್ಕೋ.

ಎಡಮಗ್ಗಲ ಈಗ ನೋಯಂಗಿಲ್ಲ. ಬಿಸಲ ಭಾಳ ಐತಿ. ಕಾಕಾ ಆರಾಮ ಅದಾರ. ಸೀರಿ ಅರ್ಧ ಆಗೇತಿ.

ಚಿಗವ್ವ


ಬೆಂಗಳೂರು
12 ಮೇ 2005

ಚಿಗವ್ವಾ,

ನಿನ್ನ ಗಡ್ಡೆಯಲ್ಲಿ ಕೆಂಪು ರೇಷ್ಮೆ ಸಿಕ್ಕಿದೆ.

ಲ್ಯಾಬಿನಲ್ಲಿ ಮೇಣವನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲೆ ಇಟ್ಟು ನೋಡಿದರು. ಮಾಂಸದ ಗುರುತೇ ಇಲ್ಲ. ಮೇಣ, ಮೇಣ, ನಡುವೆ ಎಳೆಯ ಚೂರು. ನನ್ನ ಜೊತೆಗಾರರೆಲ್ಲ ತಲೆ ಕೆರೆದುಕೊಂಡರು. ನಾನು ಒಮ್ಮೆ ಇಣುಕಿದವಳೇ ಗುರುತು ಹಿಡಿದೆ. ಎಳೆ ಹರಿಯುವ ಕಡೆ ಸವರಲು ಮಗ್ಗದ ಮಗ್ಗುಲಲ್ಲಿ ಇಟ್ಟುಕೊಳ್ಳುತ್ತೀಯಲ್ಲ, ಆ ಮೇಣ. ನನ್ನ ಸೀರೆಯ ಸೆರಗಿನದೇ ರೇಷ್ಮೆ. ಮೊದಲು ಎಲ್ಲರ ಮುಂದೆ ನಕ್ಕೆ. ಆಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ. ಈಗ ಬಹಳ ಸಿಟ್ಟು ಬಂದಿದೆ.

ಯಾಕೆ ಹೀಗೆ ಮಾಡಿದೆ? ನನ್ನ ಕೈಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲು ನಂಬಿಕೆ ಇಲ್ಲವೇ? ಅಥವಾ ಇಷ್ಟೇ ಸಾಕು, ಹೋಗಿಬಿಡೋಣ ಅಂತ ತೀರ್ಮಾನ ಮಾಡಿಕೊಂಡಿದ್ದೀಯಾ? ನನ್ನನ್ನು ಒಂದು ಮಾತೂ ಕೇಳದೆ?

ನಾನೂ ಸುಳ್ಳು ಹೇಳಿದ್ದೇನೆ, ಅದನ್ನೂ ಬರೆಯುತ್ತೇನೆ. ಬಿಲ್ಲೆ ನನ್ನ ಓದಿಗಲ್ಲ. ಲಿವರಿನ ಆ ಎರಡು ಕಲೆ ಹಳೆಯ ಗಡ್ಡೆಯ ಮರಿಗಳು. ಆಪರೇಷನ್ ಮಾಡುವ ಜಾಗದಲ್ಲಿಲ್ಲ. ಮಿರಜದ ರಿಪೋರ್ಟಿನಲ್ಲಿ ನಿನ್ನದು ಸ್ನಾಯುವಿನ ಕ್ಯಾನ್ಸರು ಅಂತಿದೆ. ಆ ಹೆಸರಿನ ಗಡ್ಡೆ ತಿರುಗಿ ಬಂದರೆ ಕೊಡಲು ಒಳ್ಳೆಯ ಔಷಧವಿಲ್ಲ. ತಪ್ಪು ಅವರದಲ್ಲ, ಆಗ ಎಲ್ಲರೂ ಹಾಗೇ ಕರೆಯುತ್ತಿದ್ದರು. ನೂಲು ಸುತ್ತುವ ಕದರಿನ ಹಾಗೆ ನಡುವೆ ದಪ್ಪ, ತುದಿ ಚೂಪಾದ ಕೋಶಗಳು ಕಂಡರೆ ಅದೇ ಹೆಸರು. ಈಚೆಗೆ ಗೊತ್ತಾಗಿರುವುದು ಏನೆಂದರೆ, ಹೊಟ್ಟೆಯಲ್ಲಿ ಬೆಳೆಯುವ ಇಂಥ ಗಡ್ಡೆಗಳಲ್ಲಿ ಬಹಳಷ್ಟು ಬೇರೆಯೇ ಜಾತಿಯವು. ಅವುಗಳಲ್ಲಿ ಕಿಟ್ ಅನ್ನುವ ಜೀನು ಕೆಟ್ಟಿರುತ್ತದೆ. ಎಳೆ ಹರಿದರೂ ನಿಲ್ಲದೆ ಬಡಿಯುವ ಪಾವರ್‌ಲೂಮ್ ನೋಡಿದ್ದೀಯಲ್ಲ, ಹಾಗೆ ಕೋಶ ಬೆಳೆಯುತ್ತಲೇ ಹೋಗುತ್ತದೆ. ಅದನ್ನು ತಡೆದು ನಿಲ್ಲಿಸುವ ಮಾತ್ರೆ ಈಗ ಬಂದಿದೆ, ಚಿಗವ್ವ. ದಿನಾ ನುಂಗುವ ಮಾತ್ರೆ!

ಆದರೆ ನಿನ್ನದು ಆ ಜಾತಿಯೇ ಅಂತ ತೋರಿಸದೆ ಅದನ್ನು ಕೊಡುವುದಿಲ್ಲ. ತೋರಿಸಲು ಗಡ್ಡೆಯ ಚೂರು ಬೇಕು. ಲಿವರಿಗೆ ಸೂಜಿ ಚುಚ್ಚಿ ಹೊಸದು ತೆಗೆಯಬಹುದು, ಆದರೆ ಆ ಕಲೆಗಳ ಸುತ್ತ ರಕ್ತನಾಳ ಹೆಣೆದುಕೊಂಡಿವೆ, ನಿನ್ನಲ್ಲಿ ರಕ್ತವೂ ಕಡಿಮೆ. ಇಲ್ಲಿಯ ಸರ್ಜನ್ನರು ಧೈರ್ಯ ಮಾಡುತ್ತಿಲ್ಲ. ಮಿರಜಕ್ಕೂ ಬರೆದು ಕೇಳಿದೆ. ಎಲ್ಲವನ್ನೂ ನಿಮ್ಮ ಕೈಗೇ ಕೊಟ್ಟಿದ್ದಾರಂತೆ.

ಆ ಬಿಲ್ಲೆ ಎಲ್ಲಿದೆ? ನಿಜ ಹೇಳು.

ನೇತ್ರಾ


ಬನಹಟ್ಟಿ
ತಾ. 27-5-2005

ನನ್ನ ಕೂಸs,

ನಿನ್ನ ಕಾಗದ ಓದಿ ಎರಡ ದಿನ ಮಗ್ಗಕ್ಕ ಇಳೀಲಿಲ್ಲ. ನನಗ ಸಿಟ್ಟ ಬಂದಿಲ್ಲ. ನೀ ಇಷ್ಟ ಬೈದೀ ಅಂದ್ರ ನನ್ನ ಮ್ಯಾಲ ಎಷ್ಟ ಜೀಂವ ಇಟ್ಟೀ ಅಂತ ತಿಳೀತು.

ಓದಾಕ ಬೇಕ ಅಂದಿದ್ದಿ. ಓದಾಕ ಯಾವ ಮೇಣಾದ್ರೇನು ಅಂತ ಮಗ್ಗದ್ದ ಒಂದ ತುಂಡ ಕೊಯ್ದ ಕಳಿಸಿದ್ನಿ. ಅದರಾಗ ನೀವು ರೇಷ್ಮಿ ಎಳಿ ಸೈತ ಹುಡಕ್ತೀರಿ ಅಂತ ನನಗೇನ ಗೊತ್ತ ಬೇ? ಮೊದಲ ದಿನಾನ ಖರೆ ಹೇಳಿದ್ರ ನಾನೂ ಖರೆ ಹೇಳ್ತಿದ್ನಿ. ಇಬ್ಬರೂ ಒಂದ ಮಗ್ಗದ ಅರಿಬಿ, ಇರಲಿ.

ಡಾಕ್ಟರು "ಮನಸಿಗೆ ಬಂದದ್ದ ತಿನ್ನರಿ" ಅಂದದ್ದರ ಅರ್ಥ ನನಗ ತಿಳೀಲಿಲ್ಲ ಅನ್ಕೊಂಡ್ಯಾ? ತಿಳದಿತ್ತು. ಕಾಕಾ ಕರದಂಟ ಕೊಡಿಸಿದಾಗಂತೂ ಪೂರಾ ತಿಳೀತು. ಅವ್ರು ಅಂಗಡಿ ಹಿಂದ ಹೋಗಿ ಕಣ್ಣ ಒರಸ್ಕೊಂಡ ಬಂದ್ರು, ನಾ ನೋಡಲಾರದಂಗ ತಿನ್ಕೋತ ಕುಂತ್ನಿ. ನಿನ್ನ ಪರೀಕ್ಷಿ ಮುಗೀಲಿ, ಆಮ್ಯಾಲ ಹೇಳೂಣು ಅಂತ ಇಬ್ಬರೂ ಮಾತಾಡ್ಕೊಂಡಿದ್ವಿ.

ಈಗ ಬಿಲ್ಲಿ ಮಾತ. ಅದು ಟ್ರಂಕಿನ್ಯಾಗ ಇಲ್ಲ. ಅದಕ್ಕ ಮಣ್ಣ ಕೊಟ್ಟೇನಿ.

ನಗಬ್ಯಾಡ. ಮಿರಜದಿಂದ ಬಂದ ಮ್ಯಾಲ ಅದನ್ನ ನೋಡಿದ್ರ ಅನ್ನ ಸೇರತಿರಲಿಲ್ಲ. ನನ್ನ ಮೈಯಾಗಿನ ಮಾಂಸ ಅದು. ಗ್ವಾಡಿ ಮಾಡದಾಗ ಇಡಾಕ ಬರ್ತೈತೇನು? ತಿಪ್ಪಿಗೆ ಒಗಿಯಾಕ ಬರ್ತೈತೇನು? ನಮ್ಮ ಅಜ್ಜಂದು ಗಾಣದಾಗ ಬೆರಳ ಹ್ವಾದಾಗ ಅದಕ್ಕೂ ಮಣ್ಣ ಕೊಟ್ಟ ಮಂದಿ ನಾವು. ಬಿಲ್ಲಿಗೆ ಅರಿಷಿಣ-ಕುಂಕುಮ ಹಚ್ಚಿ, ಸೀರಿ ತುಂಡಿನ್ಯಾಗ ಸುತ್ತಿ, ನಮ್ಮವ್ವ ಕೊಟ್ಟಿದ್ದ ಹಿತ್ತಾಳಿ ಡಬ್ಬಿಯಾಗ ಹಾಕಿ, ಹೊಳಿ ದಂಡಿ ರುದ್ರಭೂಮ್ಯಾಗ ಹುಗದ ಬಂದೇನಿ.

ಎಲ್ಲಿ ಹುಗದೇನಿ ಅಂತನೂ ಹೇಳಿಬಿಡ್ತೇನಿ. ನಿಮ್ಮ ಅವ್ವನ ಮಗ್ಗಲಕ.

ಶೇವಂತಕ್ಕ ಹ್ವಾದಾಗ ನಿನಗ ನಡಿಯಾಕೂ ಬರತಿರಲಿಲ್ಲ. ಆಕಿಗೆ ಕತ್ತಲಂದ್ರ ಅಂಜಿಕಿ. ಮದಿವಿ ಆಗೂತನಕಾ ತಂಗಿ ನನ್ನ ಸೆರಗ ಹಿಡಕೊಂಡ ಮಲಗೂ ಅಕ್ಕ ಆಕಿ. ಅಲ್ಲಿ ಒಬ್ಬಾಕಿನ ಹ್ಯಾಂಗ ಇರ್ತಾಳೋ ಅಂತ ನನಗ ಯಾವಾಗ್ಲೂ ಅನಿಸೂದು. ಅದಕ್ಕ ಆ ಡಬ್ಬಿ ಆಕಿ ಮಗ್ಗಲಕ ಇಟ್ಟ, "ಅಕ್ಕಾ, ಸದ್ಯಕ್ಕ ಇಷ್ಟ ತಗೋ. ನಿನ್ನ ಮಗಳನ್ನ ಓದಿಸಿ, ಉಳದಾಕಿ ಆಮ್ಯಾಲ ಬರ್ತೇನಿ" ಅಂತ ಹೇಳಿ ಬಂದೇನಿ.

ಈಗ ತಗಿಯೂದಂದ್ರ ಸತ್ತಾಕಿ ಕೈಯಾಗ ಕೊಟ್ಟದ್ದನ್ನ ಕಸಗೊಂಡಂಗ. ನನಗ ಬದಕಬೇಕನಸ್ತೈತಿ ನೇತ್ರೀ, ಸುಳ್ಳ ಯಾಕ ಹೇಳ್ಲಿ? ನಿನ್ನ ಹೆಸರಿನ ಮುಂದ ಆ ದೊಡ್ಡ ಡಿಗ್ರಿ ನೋಡಬೇಕು. ಆದ್ರ ಆಕಿ ನಿಮ್ಮ ಅವ್ವ. ನೀ ಹೂಂ ಅನ್ನದ ಆ ಮಣ್ಣ ನಾ ಮುಟ್ಟಂಗಿಲ್ಲ. ಮ್ಯಾಲಿನ ಮಳಿ ಬಂದು ಬ್ಯಾರೇಜಿನ ಹಿನ್ನೀರ ಏರಿದ್ರ ಆ ದಂಡಿ ಮುಳಗತೈತಿ ಅಂತ ಕಾಕಾ ಅನ್ನಾಕತ್ತಾರ. ಏನ ಬರೀತೀ ಲಗೂ ಬರಿ.

ಚಿಗವ್ವ


ಬೆಂಗಳೂರು
2 ಜೂನ್ 2005

ಯವ್ವಾ,

ಇವತ್ತ ಪುಸ್ತಕದ ಮಾತ ಬರವಲ್ದು.

ನನ್ನ ಅವ್ವನ ಮುಖ ನನಗ ನೆನಪಿಲ್ಲ. ಫೋಟೋದಾಗ ನೋಡೇನಿ ಅಷ್ಟ. ಅವ್ವ ಅಂದ್ರ ನನಗ ಕಣ್ಣಮುಂದ ಬರೂದು ಮಗ್ಗದಾಗ ಕುಂತ ನಿನ್ನ ಬೆನ್ನು. ನೀ ಪ್ರತಿ ವರ್ಷಾ ಬೇಲ್ಯಾಗಿನ ಹೂವು ಕೈಯಾಗ ಕೊಟ್ಟ ನನ್ನ ಆಕಿ ಮಣ್ಣಿನ ಕಡೆ ಕರ್ಕೊಂಡ ಹೋಗಿ "ಅಕ್ಕಾ, ನಿನ್ನ ಮಗಳ ಬಂದಾಳ ನೋಡ" ಅಂತಿದ್ದಿ. ಆಕಿಗೆ ಕತ್ತಲಂದ್ರ ಅಂಜಿಕಿ ಅಂತ ಇವತ್ತ ಗೊತ್ತಾತು. ನನಗೂ ಅಂಜಿಕಿ. ನಾನೂ ನಿನ್ನ ಸೆರಗ ಹಿಡಕೊಂಡ ಮಲಗಿದಾಕೀನ.

ಆಕಿ ಇದ್ದಿದ್ರ ತಾನ ಅಗದ ತಗದ ಕೊಡ್ತಿದ್ಲು. ಹೂಂ ಅಂದೇನಿ. ನೂರ ಸಲ ಹೂಂ. ತಗಿ ಬೇ.

ಮೇಣ ಮಣ್ಣಾಗ ಕೊಳಿಯಂಗಿಲ್ಲ. ಒಳಗಿನ ಚೂರ ಛಲೋ ಇರಬಹುದು, ಇರಲಿಕ್ಕಿಲ್ಲ, ಮೊದಲ ಹೇಳಾಕ ಆಗೂದಿಲ್ಲ. ತೊಳೀಬ್ಯಾಡ, ಬಿಸಲಾಗ ಇಡಬ್ಯಾಡ. ಇದ್ದಂಗ ಕಳಿಸು.

ನೇತ್ರಿ


ಬನಹಟ್ಟಿ
ತಾ. 13-6-2005

ನೇತ್ರೀ,

ನಿಮ್ಮ ಕಾಕಾನ ಕೈಯಾಗ ಡಬ್ಬಿ ಕೊಟ್ಟ ಬಸ್ಸಿಗೆ ಕಳಿಸೇನಿ. ಈ ಕಾಗದನೂ ಅವರ ಕಿಸೆದಾಗ ಐತಿ. ಬಂದ ಕೂಡಲೆ ಮೊದಲ ಊಟಕ್ಕ ಹಾಕು. ದಾರ್ಯಾಗ ಏನೂ ತಿಂದಿರಂಗಿಲ್ಲ, ಡಬ್ಬಿ ಯಾರರೆ ಕದ್ದಾರು ಅಂತ ಕೈ ಬಿಟ್ಟಿರಂಗಿಲ್ಲ.

ನಿನ್ನೆ ಹೊತ್ತ ಹೊಂಡೂದ್ರಾಗ ಇಬ್ಬರೂ ಹೋದ್ವಿ. ಅಕ್ಕನ ತಲಿಗಟ್ಟ ಹಾಲ ಹಾಕಿ, ಊದಿನಕಡ್ಡಿ ಹಚ್ಚಿ, ನಿನ್ನ ಕಾಗದ ಓದಿ ಹೇಳಿದ್ನಿ. ಪೂರಾ ಓದಿದ್ನಿ, ಅಂಜಿಕಿ ಮಾತೂ ಸೈತ. ಆಮ್ಯಾಲ ಕಾಕಾ ಅಗಿಯಾಕ ಹತ್ತಿದ್ರು. ಎಲ್ಲಿ ಅಗದ್ರೂ ಸಿಗವಲ್ದು! ನಾ ಬನ್ನಿ ಗಿಡದ ಕಡೆ ಅಂತೇನಿ, ಅವ್ರು ಹೊಳಿ ಕಡೆ ಅಂತಾರ. ಅಲ್ಲೇ ಒಂದ ಜಗಳಾನೂ ಆತು. ರುದ್ರಭೂಮಿ ಕಾಯೂ ಧರೆಪ್ಪ ಓಡಿ ಬಂದು, "ಏನ ಹುಡಕಾಕತ್ತೀರಿ ಕಾಕಾರ?" ಅಂದ. ಇವ್ರು ಎಷ್ಟ ಸಾವಕಾಶ ಹೇಳಿದ್ರು ಗೊತ್ತೈತೇನು? "ನನ್ನ ಹೇಣ್ತಿ ಇಲ್ಲೊಂದ ಚೂರ ಹುಗದಾಳೋ. ಉಳದದ್ದ ಉಳಸ್ಕೊಳ್ಳಾಕ ಆ ಚೂರ ಬೇಕಾಗೇತಿ." ಧರೆಪ್ಪ ಧೋತರ ಎತ್ತಿ ಕಟ್ಟಿದ. ಸಲಿಕಿ ತಂದು ತಾನೂ ಅಗದ.

ಬನ್ನಿ ಗಿಡದ ಕಡೇನ ಸಿಕ್ತು. ನಾನ ಗೆದ್ನಿ.

ಡಬ್ಬಿ ಹಸರಗಟ್ಟೈತಿ, ಬಟ್ಟಿ ಕೊಳತ ಹೋಗೇತಿ. ಬಿಲ್ಲಿ ಮಾತ್ರ ಹಂಗ ಐತಿ. ಹಳದಿ ಆಗೇತಿ ಅಷ್ಟ. ನಾ ತೊಳದಿಲ್ಲ. ಅಗದಲ್ಲಿ ಆಗಲೇ ತೇವ ಬಿಟ್ಟಿತ್ತು.

ಜಾತಿ ಯಾವುದರ ಬರಲಿ, ನೀ ಅಳಬ್ಯಾಡ. ಬ್ಯಾರೆ ಜಾತಿ ಬಂದ್ರ ನನಗ ಬರದ ತಿಳಸು, ಸುಳ್ಳ ಬರೀಬ್ಯಾಡ. ಮತ್ತ ಕರದಂಟ ತಿಂತೇನಿ, ಅಷ್ಟ.

ನಿನ್ನ ಚಿಗವ್ವ


ಬೆಂಗಳೂರು
9 ಜುಲೈ 2005

ಯವ್ವಾ,

ಫೋನಿನಲ್ಲಿ ನಾನು ಕೂಗಿದ್ದು, ನೀನು "ಹಾಂ? ಏನಂದಿ? ಮಗ್ಗಾ ಬಂದ್ ಮಾಡ್ರೋ!" ಅಂತ ಓಣಿಗೆಲ್ಲ ಕೂಗಿದ್ದು, ಎಲ್ಲ ಆಯಿತು. ಆದರೂ ಕಾಗದದಲ್ಲಿ ಬರೆಯದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಮೇಡಂ ಬಿಲ್ಲೆಯನ್ನು ಬೆಳಕಿಗೆ ಹಿಡಿದು, "ಇದ್ಯಾಕೆ ಹಳದಿ?" ಅಂದರು. "ಅರಿಷಿಣ, ಮೇಡಂ" ಅಂದೆ. ಎಲ್ಲಿಂದ ಬಂತು ಅಂತ ಹೇಳಿದೆ. ಅವರು ಹೊಸ ಅಲಗು ತೆಗೆದುಕೊಂಡರು. ಮೇಲಿನ ಪದರ ತಾವೇ ಹೆರೆದು ತೆಗೆದರು, ಬೇರೆಯವರ ಕೈಗೆ ಕೊಡಲಿಲ್ಲ. ಚೌಕಟ್ಟಿನ ಮೇಲೆ ಮಿರಜದವರು ಪೆನ್ಸಿಲಿನಿಂದ ಬರೆದ ನಂಬರು ಕೂಡ ಹಾಗೇ ಇತ್ತು.

ಮೊದಲು ಬಣ್ಣದ ಪರೀಕ್ಷೆ. ಕಿಟ್ ಇದ್ದರೆ ಕೋಶಗಳು ಕಂದು ಬಣ್ಣಕ್ಕೆ ತಿರುಗಬೇಕು. ಗಾಜಿನ ಪಟ್ಟಿ ಇಟ್ಟು ಕಣ್ಣು ಮುಚ್ಚಿಕೊಂಡೆ. ಬಿಟ್ಟು ನೋಡಿದರೆ ಇಡೀ ಪಟ್ಟಿ ಕಂದು, ನೀನು ಹುರಿಯುವ ಶೇಂಗಾದ ಸಿಪ್ಪೆಯ ಬಣ್ಣ! ಆಮೇಲೆ ಅದೇ ಚೂರಿನಿಂದ ಜೀನು ತೆಗೆದು ಓದಿಸಿದೆವು. ಓದಲು ಬರುವಷ್ಟು ಉಳಿದಿತ್ತು. ಒಂದು ಕಡೆ ಕೆಲವು ಅಕ್ಷರ ಬಿಟ್ಟುಹೋಗಿವೆ. ಯಾವ ಜಾಗದಲ್ಲಿ ಕೆಟ್ಟಿದ್ದರೆ ಮಾತ್ರೆ ಚೆನ್ನಾಗಿ ಹಿಡಿಯುತ್ತದೋ ಅದೇ ಜಾಗ. ನಿನ್ನ ಗಡ್ಡೆಯ ಹೆಸರು ಬದಲಾಯಿತು. ಹೊಸ ರಿಪೋರ್ಟಿಗೆ ಮೇಡಂ ಸಹಿ ಹಾಕಿ, ಕೆಳಗೆ ನನ್ನ ಸಹಿಯನ್ನೂ ಹಾಕಿಸಿದರು. ನನ್ನ ಅಕ್ಷರ ಸೊಟ್ಟಗಾಗಿದೆ.

ಹೇಳಿದ್ದೆಯಲ್ಲ, ಸುಳ್ಳು ಬರೆಯಬೇಡ ಅಂತ. ಮಾತ್ರೆ ಗಡ್ಡೆಯನ್ನು ಬೇರು ಸಹಿತ ಕೀಳುವುದಿಲ್ಲ. ತಡೆದು ಹಿಡಿಯುತ್ತದೆ. ಕೆಲವರಿಗೆ ಎರಡು ವರ್ಷ, ಕೆಲವರಿಗೆ ಬಹಳ ವರ್ಷ. ನಿನಗೆ ಎಷ್ಟು ಅಂತ ನನಗೆ ಗೊತ್ತಿಲ್ಲ. ಕಣ್ಣಿನ ಸುತ್ತ ಊದಬಹುದು, ವಾಕರಿಕೆ ಬರಬಹುದು. ಊಟದ ಜೊತೆಗೇ ನುಂಗು. ಕಾಕಾ ಮಾತ್ರೆ ತರುತ್ತಿದ್ದಾರೆ. ಇಲ್ಲಿ ಇದ್ದಷ್ಟು ದಿನ ಆಸ್ಪತ್ರೆಯ ಎಲ್ಲರಿಗೂ ನಿನ್ನ ಬನ್ನಿ ಗಿಡದ ಕಥೆ ಹೇಳಿದ್ದಾರೆ. ಅವರ ಪ್ರಕಾರ ಗೆದ್ದದ್ದು ಅವರು.

ಬಿಲ್ಲೆ ನಮ್ಮ ಕಪಾಟಿನಲ್ಲಿದೆ. ಇನ್ನೂ ಸಾಕಷ್ಟು ಉಳಿದಿದೆ. ಅದು ನಿನ್ನದು, ನೀನು ಕೇಳಿದರೆ ಕೊಡಬೇಕು. ಅವ್ವನ ಮಗ್ಗುಲಿಗೆ ತಿರುಗಿ ಇಡಬೇಕಾ? ಏನು ಮಾಡಲಿ, ಹೇಳು.

ನೇತ್ರಿ


ಬನಹಟ್ಟಿ
ತಾ. 18-1-2006

ನನ್ನ ಡಾಕ್ಟರ ಮಗಳs,

ಇಷ್ಟ ತಿಂಗಳ ಕಾಗದ ಬರೀಲಿಲ್ಲ ಅಂತ ಸಿಟ್ಟಾಗಬ್ಯಾಡ. ಮೊದಲ ಹೊಳಿ ಬಂತು, ನಮ್ಮ ಓಣಿ ಮಂದಿಯೆಲ್ಲಾ ಸಾಮಾನ ಮಾಳಿಗಿಗೆ ಏರಿಸಿದ್ವಿ. ಆಮ್ಯಾಲ ನಿನ್ನ ಮಾತ್ರಿ ನನ್ನ ಮಾರಿ ಹೂರಣದ ಹೋಳಿಗಿ ಹಂಗ ಉಬ್ಬಿಸ್ತು. ಕಾಕಾ, "ಈಗರ ಒಂದೀಟ ಮೈ ತುಂಬಿ ಚಂದ ಕಾಣಾಕತ್ತೀ" ಅಂತಾರ. ಐವತ್ತು ದಾಟಿದ ಮ್ಯಾಲ ಬುದ್ಧಿ ಬಂತು.

ಹ್ವಾದ ವಾರದ ಸ್ಕ್ಯಾನ ನೀ ನೋಡೀದಿ, ನಾ ಏನ ಹೇಳೂದೈತಿ. ಕಲಿ ಸಣ್ಣ ಆಗ್ಯಾವಂತ ಜಮಖಂಡಿ ಡಾಕ್ಟರ ಫಿಲ್ಮ ತಿರಗಿಸಿ ತಿರಗಿಸಿ ನೋಡಿದ್ರು. "ಮತ್ತ ಪಥ್ಯ ಮಾಡ್ರೀ ಅವ್ವಾರ, ಎಣ್ಣಿಂದ ಕಡಿಮಿ ತಿನ್ನರಿ" ಅಂದ್ರು. ಪಥ್ಯ ಹೇಳಿದ್ದಕ್ಕ ಆವತ್ತ ನನಗ ಎಷ್ಟ ಸಂತೋಷ ಆತಂದ್ರ, ದವಾಖಾನಿ ಬಾಗಲದಾಗ ನಿಂತ ಅತ್ತಬಿಟ್ನಿ. ಎಡಮಗ್ಗಲಕ ಈಗ ಖರೇನ ನೋವಿಲ್ಲ. ನಿನ್ನ ಸೀರಿ ಮಗ್ಗದಿಂದ ಇಳದೈತಿ. ಪದವಿ ಕೊಡೂ ದಿನ ಇಬ್ಬರೂ ತಗೊಂಡ ಬರ್ತೇವಿ. ಸೆರಗಿನ್ಯಾಗ ಒಂದ ಕಡೆ ಮೇಣ ಹೆಚ್ಚಿಗಿ ಸವರೇನಿ. ಅಲ್ಲಿ ನಿಮ್ಮ ದುರ್ಬೀನ ಹಚ್ಚಬ್ಯಾಡ.

ಬಿಲ್ಲಿ ಏನ ಮಾಡ್ಲಿ ಅಂತ ಕೇಳಿದ್ದಿ. ನೀರ ಇಳದ ಮ್ಯಾಲ ಅಕ್ಕನ ಕಡೆ ಹೋಗಿದ್ನಿ. ನಾವು ಅಗದ ಜಾಗಾ ಪೂರಾ ಕೊಚ್ಚಿ ಹೋಗೇತಿ. ಬನ್ನಿ ಗಿಡನೂ ಇಲ್ಲ. ಅಕ್ಕನ ಮಣ್ಣ ಮಾತ್ರ ಗಟ್ಟಿ ಹಿಡದ ನಿಂತೈತಿ.

ಬಿಲ್ಲಿ ನಿನ್ನ ಕಡೇನ ಇಟ್ಕೋ ಯವ್ವಾ. ಮುಂದ ಮತ್ತ ಓದೂದ ಬಿದ್ದೀತು. ನನ್ನ ಹೊತ್ತ ಬಂದ ದಿನ ತಗೊಂಡ ಬಾ, ನನ್ನ ಉಡಿಯಾಗ ಹಾಕು. ತುಂಡ ತುಂಡ ಹೋಗೂದ ಬ್ಯಾಡ, ಪೂರಾ ಹೋಗ್ತೇನಿ. ನೀ ಎಲ್ಲೇ ಇರು, ಎಷ್ಟ ದೊಡ್ಡಾಕಿ ಆಗು, ಅವತ್ತ ನೀನ ತರಬೇಕು.

ಅಕ್ಕಗೂ ಹೇಳಿ ಬಂದೇನಿ. "ಕೊಟ್ಟದ್ದನ್ನ ತಿರಗಿ ತಗೊಂಡೇನಿ ಅಂತ ಬ್ಯಾಸರ ಮಾಡ್ಕೋಬ್ಯಾಡ ಅಕ್ಕಾ. ನಿನ್ನ ಮಗಳ ಇಸಗೊಂಡಾಳ. ಇನ್ನೊಂದಿಷ್ಟ ವರ್ಷ ಒಬ್ಬಾಕಿನ ಮಲಗು" ಅಂದ್ನಿ. ಕತ್ತಲಾಗಿತ್ತು, ಒಂದ ಪಣತಿ ಹಚ್ಚಿಟ್ಟ ಬಂದ್ನಿ.

ನಿಮ್ಮ ಅವ್ವ